ಬಿಳಿ ಅಂಗಿ, ಕಪ್ಪು ಬಿಲ್ಲೆ: ಕ್ವೀನ್ಸ್‌ನ ಬೀದಿಗಳಲ್ಲಿ ಮಾರ್ಮನ್ ಹುಡುಗರ ಎರಡು ವರ್ಷ

ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ, ಅದರಲ್ಲೂ ರೂಸ್‌ವೆಲ್ಟ್ ಅವೆನ್ಯೂ ಆಸುಪಾಸಿನಲ್ಲಿ ಇರುವವರಿಗೆ ಈ ಜೋಡಿ ಹೊಸದಲ್ಲ. ತಲೆಯ ಮೇಲೆ 7ನೇ ನಂಬರಿನ ರೈಲು ಗಡಗಡ ಎನ್ನುತ್ತಿರುತ್ತದೆ. ಕೆಳಗೆ ಕೊಲಂಬಿಯಾದವರ ಬೇಕರಿ, ಪಕ್ಕದಲ್ಲಿ ಮೊಮೊ ಗಾಡಿ, ಸ್ವಲ್ಪ ಮುಂದೆ ಬಾಂಗ್ಲಾದೇಶದವರ ದಿನಸಿ ಅಂಗಡಿ. ಆ ಗದ್ದಲದ ನಡುವೆ ಬಿಳಿ ಅಂಗಿ ತೊಟ್ಟು, ಟೈ ಕಟ್ಟಿ, ಎದೆಗೆ ಕಪ್ಪು ಬಿಲ್ಲೆ ಸಿಕ್ಕಿಸಿಕೊಂಡ ಇಬ್ಬರು ಹುಡುಗರು. ಮೀಸೆ ಇನ್ನೂ ಸರಿಯಾಗಿ ಚಿಗುರಿರುವುದಿಲ್ಲ. ಆದರೆ ಹಣ್ಣು ಮಾರುವ ಈಕ್ವೆಡಾರ್‌ನ ಹೆಂಗಸಿನ ಹತ್ತಿರ ಸ್ಪ್ಯಾನಿಷ್‌ನಲ್ಲಿ ಆರಾಮಾಗಿ ಮಾತಾಡುತ್ತಿರುತ್ತಾರೆ. ನಮ್ಮ ಕಡೆಯಿಂದ ಹೊಸದಾಗಿ ಬಂದವರು ಇವರನ್ನು ನೋಡಿ ಯಾವುದೋ ಇನ್ಶೂರೆನ್ಸ್ ಕಂಪನಿಯವರಿರಬೇಕು ಅಂದುಕೊಳ್ಳುತ್ತಾರೆ.

ಅಲ್ಲ, ಇವರು ಮಾರ್ಮನ್ ಮಿಷನರಿಗಳು.

ಮಿಷನರಿ ಎಂದ ಕೂಡಲೇ ಕನ್ನಡದವರಿಗೆ ನೆನಪಾಗುವುದು ಬೇರೆಯೇ ಚಿತ್ರ. ಮಂಗಳೂರಿನ ಬಾಸೆಲ್ ಮಿಷನ್, ಹೆಂಚಿನ ಕಾರ್ಖಾನೆ, 1843ರ ಮಂಗಳೂರ ಸಮಾಚಾರ, 1894ರಲ್ಲಿ ಬಂದ ಕಿಟ್ಟೆಲ್ ನಿಘಂಟು. ಅವರೆಲ್ಲ ಧರ್ಮಶಾಸ್ತ್ರ ಓದಿಕೊಂಡು ಬಂದು, ದಶಕಗಟ್ಟಲೆ ಇದ್ದು, ಊರಿನ ಭಾಷೆಯನ್ನು ಬೇರುಸಮೇತ ಕಲಿತವರು. ಮಾರ್ಮನ್ ಹುಡುಗ ಪಾದ್ರಿಯೂ ಅಲ್ಲ, ಪಂಡಿತನೂ ಅಲ್ಲ. ಮೊನ್ನೆ ಮೊನ್ನೆ ಹೈಸ್ಕೂಲು ಮುಗಿಸಿದವನು. ಎರಡು ವರ್ಷ ಕೆಲಸ ಮಾಡುತ್ತಾನೆ, ಊರಿಗೆ ವಾಪಸ್ ಹೋಗಿ ಕಾಲೇಜು ಸೇರುತ್ತಾನೆ. ಇಂಥ ಹುಡುಗ ಹುಡುಗಿಯರು ಈಗ ಜಗತ್ತಿನಲ್ಲಿ 70 ಸಾವಿರಕ್ಕೂ ಹೆಚ್ಚು ಇದ್ದಾರೆ. ಇಷ್ಟು ಚಿಕ್ಕವರನ್ನು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಗೊತ್ತಿಲ್ಲದ ಊರಿಗೆ ಕಳಿಸುವ ಏರ್ಪಾಡು ಹೇಗೆ ನಡೆಯುತ್ತದೆ? ನೂರು ದೇಶದವರು ಒಟ್ಟಿಗೆ ಬದುಕುವ ಕ್ವೀನ್ಸ್‌ನಂಥ ಜಾಗಕ್ಕೆ ಬಂದಾಗ ಆ ಏರ್ಪಾಡಿಗೆ ಏನಾಗುತ್ತದೆ?

ಮೊದಲು ಹಿನ್ನೆಲೆ, ಚುಟುಕಾಗಿ. ಇವರ ಸಂಸ್ಥೆಯ ಪೂರ್ತಿ ಹೆಸರು ದ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್. 1830ರ ಏಪ್ರಿಲ್ 6ರಂದು ನ್ಯೂಯಾರ್ಕ್ ರಾಜ್ಯದಲ್ಲೇ ಜೋಸೆಫ್ ಸ್ಮಿತ್ ಎಂಬ 24 ವರ್ಷದ ಯುವಕ ಶುರು ಮಾಡಿದ್ದು. ಬೈಬಲ್ ಜೊತೆಗೆ ಬುಕ್ ಆಫ್ ಮಾರ್ಮನ್ ಎಂಬ ಇನ್ನೊಂದು ಗ್ರಂಥವನ್ನೂ ಪವಿತ್ರವೆಂದು ನಂಬುತ್ತಾರೆ. ಜನ ಇವರನ್ನು ಹೋದಲ್ಲೆಲ್ಲ ಓಡಿಸಿದರು. 1844ರಲ್ಲಿ ಇಲಿನಾಯ್ ರಾಜ್ಯದ ಜೈಲಿನಲ್ಲಿದ್ದ ಸ್ಮಿತ್‌ನನ್ನು ಗುಂಪೊಂದು ಕೊಂದಿತು. 1847ರಲ್ಲಿ ಬ್ರಿಗಮ್ ಯಂಗ್ ಹಿಂದೆ ಹೊರಟವರು ಯೂಟಾದ ಸಾಲ್ಟ್ ಲೇಕ್ ಕಣಿವೆಯಲ್ಲಿ ನೆಲೆ ನಿಂತರು. ಮಾರ್ಮನ್ ಎಂಬ ಅಡ್ಡಹೆಸರು ಬೇಡ, ಪೂರ್ತಿ ಹೆಸರನ್ನೇ ಬಳಸಿ ಎಂದು ಚರ್ಚಿನ ಮುಖ್ಯಸ್ಥರು 2018ರಲ್ಲಿ ಕೇಳಿಕೊಂಡರು. ಆ ಉದ್ದನೆಯ ಹೆಸರು ಯಾರ ಬಾಯಲ್ಲೂ ನಿಲ್ಲುವುದಿಲ್ಲವಾದ್ದರಿಂದ ನಾನಿಲ್ಲಿ ಹಳೆಯದನ್ನೇ ಇಟ್ಟುಕೊಂಡಿದ್ದೇನೆ.

ಇವರಲ್ಲಿ ಊರಿನ ಚರ್ಚು ನಡೆಸುವವರಿಗೆ ಸಂಬಳವಿಲ್ಲ. ವಾರವೆಲ್ಲ ದಂತವೈದ್ಯನೋ ಲೆಕ್ಕಿಗನೋ ಆಗಿರುವವನೇ ಭಾನುವಾರ ಬಿಷಪ್. ಹೀಗಾಗಿ ಧರ್ಮಪ್ರಚಾರವೂ ಸಾಮಾನ್ಯ ಮನೆಗಳ ಮಕ್ಕಳ ಪಾಲಿಗೆ ಬಂದಿದೆ. ಗಂಡು ಹುಡುಗರಿಗೆ ಇದು ಹೆಚ್ಚುಕಡಿಮೆ ಕರ್ತವ್ಯ. ಹೆಣ್ಣುಮಕ್ಕಳಿಗೆ ಅವರ ಇಷ್ಟ. ಹುಡುಗರಿಗೆ 24 ತಿಂಗಳು, ಹುಡುಗಿಯರಿಗೆ 18. ಶುರು ಮಾಡುವ ವಯಸ್ಸನ್ನು 2012ರಲ್ಲಿ ಹುಡುಗರಿಗೆ 19ರಿಂದ 18ಕ್ಕೆ, ಹುಡುಗಿಯರಿಗೆ 21ರಿಂದ 19ಕ್ಕೆ ಇಳಿಸಿದರು. ಆಮೇಲೆ ಹುಡುಗಿಯರ ಸಂಖ್ಯೆ ದಿಢೀರನೆ ಏರಿತು. 21ಕ್ಕೆ ಬಹಳ ಹುಡುಗಿಯರು ಮದುವೆಗೋ ಓದಿನ ನಡುವಿಗೋ ಬಂದಿರುತ್ತಿದ್ದರು, ಅದಕ್ಕೇ. 2025ರಲ್ಲಿ ಹುಡುಗಿಯರಿಗೂ 18 ಮಾಡಿದರು.

ಖರ್ಚು ಯಾರದ್ದು? ಹುಡುಗನದ್ದೇ, ಇಲ್ಲ ಅವನ ಮನೆಯವರದ್ದು. ಅಮೆರಿಕದವರಾದರೆ 2020ರಿಂದ ತಿಂಗಳಿಗೆ 500 ಡಾಲರ್ ಕಟ್ಟಬೇಕು. ಟೋಕಿಯೋಗೆ ಹೋದರೂ ಅಷ್ಟೇ, ಗ್ವಾಟೆಮಾಲಾಕ್ಕೆ ಹೋದರೂ ಅಷ್ಟೇ. ಹಣವನ್ನು ಒಟ್ಟು ಮಾಡಿ ಚರ್ಚು ಹಂಚುತ್ತದೆ. ಬಡ ದೇಶದ ಹುಡುಗರಿಗೆ ಕಡಿಮೆ, ಉಳಿದದ್ದು ಸಹಾಯಧನ. ಎಷ್ಟೋ ಮನೆಗಳಲ್ಲಿ ಮಗ ಹುಟ್ಟಿದಾಗಿನಿಂದಲೇ ಇದಕ್ಕೆಂದು ದುಡ್ಡು ಎತ್ತಿಡುತ್ತಾರೆ.

ಎಲ್ಲಿಗೆ ಹೋಗಬೇಕು, ಯಾವ ಭಾಷೆ ಕಲಿಯಬೇಕು ಎನ್ನುವುದು ಹುಡುಗನ ಕೈಯಲ್ಲಿಲ್ಲ. ಅರ್ಜಿ ಹಾಕುತ್ತಾನೆ, ವೈದ್ಯರಿಂದ ತಪಾಸಣೆ ಆಗುತ್ತದೆ, ಬಿಷಪ್ ಕೂರಿಸಿಕೊಂಡು ಮಾತಾಡುತ್ತಾರೆ. ಆಮೇಲೆ ಸಾಲ್ಟ್ ಲೇಕ್‌ನಿಂದ ಆದೇಶ ಬರುತ್ತದೆ. ಮೊದಲು ದೊಡ್ಡ ಬಿಳಿ ಲಕೋಟೆಯಲ್ಲಿ ಬರುತ್ತಿತ್ತು, ಈಗ ಇಂಟರ್ನೆಟ್ಟಿನಲ್ಲಿ. ನೆಂಟರಿಷ್ಟರನ್ನೆಲ್ಲ ಕೂರಿಸಿ ಅದನ್ನು ಜೋರಾಗಿ ಓದುವುದು ಒಂದು ಸಂಭ್ರಮ. ಮಡಗಾಸ್ಕರ್ ಎಂದು ಬರಬಹುದು, ಬ್ರೆಜಿಲ್ ಎಂದು ಬರಬಹುದು. ನ್ಯೂಯಾರ್ಕ್, ಸ್ಪ್ಯಾನಿಷ್ ಎಂದು ಬಂದರೆ ಕೆಲವರ ಮುಖ ಒಂದು ಕ್ಷಣ ಸಣ್ಣಗಾಗುತ್ತದಂತೆ. ವಿಮಾನದಲ್ಲಿ ನಾಲ್ಕೈದು ಗಂಟೆ ದೂರ ಅಷ್ಟೇ, ವಿದೇಶವಲ್ಲವಲ್ಲ ಎಂದು. ಕ್ವೀನ್ಸ್‌ಗೆ ಬಂದಿಳಿದ ಮೇಲೆ ಆ ಬೇಜಾರು ಉಳಿಯುವುದಿಲ್ಲ.

ಹೊರಡುವ ಮೊದಲು ತರಬೇತಿ. ಯೂಟಾದ ಪ್ರೊವೋದಲ್ಲಿರುವುದು ಅತಿ ದೊಡ್ಡ ಕೇಂದ್ರ. ಅಲ್ಲಿ 50ಕ್ಕೂ ಹೆಚ್ಚು ಭಾಷೆ ಕಲಿಸುತ್ತಾರೆ. ಇಂಗ್ಲಿಷಿನಲ್ಲೇ ಕೆಲಸ ಮಾಡುವವರಿಗೆ ಎರಡು ಮೂರು ವಾರ ಸಾಕು. ಹೊಸ ಭಾಷೆ ಕಲಿಯುವವರಿಗೆ ಆರರಿಂದ ಒಂಬತ್ತು ವಾರ. ಒಂಬತ್ತು ವಾರದಲ್ಲಿ ಚೀನಿ ಭಾಷೆ ಬರುತ್ತದೆಯೇ? ಬರುವುದಿಲ್ಲ. ಪ್ರಾರ್ಥನೆ ಮಾಡುವಷ್ಟು, ನಂಬಿಕೆಯ ನಾಲ್ಕು ಮಾತು ಹೇಳುವಷ್ಟು ಬರುತ್ತದೆ. ಪಾಪ, ಪಶ್ಚಾತ್ತಾಪ, ಪ್ರವಾದಿ ಇವಕ್ಕೆಲ್ಲ ಚೀನಿ ಮಾತು ಗೊತ್ತಿರುವ ಹುಡುಗನಿಗೆ, ಕ್ವೀನ್ಸ್‌ನಲ್ಲಿ ಚೀನಿಯರು ಹೆಚ್ಚಿರುವ ಫ್ಲಶಿಂಗ್ ಬಡಾವಣೆಯ ತರಕಾರಿ ಅಂಗಡಿಯಲ್ಲಿ ಸೊಪ್ಪಿನ ಹೆಸರು ಕೇಳಲು ಬಾಯಿ ಬರುವುದಿಲ್ಲ. ಮಿಕ್ಕಿದ್ದನ್ನೆಲ್ಲ ಬೀದಿಯೇ ಕಲಿಸಬೇಕು. ಬೀದಿ ಕಲಿಸುವುದೂ ಚೆನ್ನಾಗಿಯೇ.

ಇನ್ನು ನಿಯಮಗಳು. ಬೆಳಿಗ್ಗೆ 6.30ಕ್ಕೆ ಏಳಬೇಕು, ರಾತ್ರಿ 10.30ಕ್ಕೆ ದೀಪ ಆರಿಸಬೇಕು. ಸಿನಿಮಾ ಇಲ್ಲ, ಟೀವಿ ಇಲ್ಲ, ಪ್ರೇಮ ಗೀಮ ಇಲ್ಲ, ಈಜುವಂತೆಯೂ ಇಲ್ಲ. ಹೆಸರು ಹಿಡಿದು ಕರೆಯುವಂತಿಲ್ಲ. ಹುಡುಗ ಎಲ್ಡರ್, ಹುಡುಗಿ ಸಿಸ್ಟರ್, ಮುಂದೆ ಮನೆತನದ ಹೆಸರು. ವಾರಕ್ಕೊಂದು ದಿನ ಬಟ್ಟೆ ಒಗೆಯಲು, ದಿನಸಿ ತರಲು ಬಿಡುವು. ಮನೆಗೆ ಫೋನು ಮಾಡಲು ಮೊದಲು ವರ್ಷಕ್ಕೆ ಎರಡೇ ಸಲ, ಕ್ರಿಸ್‌ಮಸ್‌ಗೆ ಮತ್ತು ತಾಯಂದಿರ ದಿನಕ್ಕೆ, ಅವಕಾಶವಿತ್ತು. 2019ರ ಫೆಬ್ರವರಿಯಿಂದ ವಾರಕ್ಕೊಮ್ಮೆ ಮಾಡಬಹುದು. ಹಳೆಯ ಮಿಷನರಿಗಳಿಗೆ ಇದನ್ನು ಕೇಳಿದರೆ ಸ್ವಲ್ಪ ಹೊಟ್ಟೆಯುರಿ, ಸ್ವಲ್ಪ ಅಸಡ್ಡೆ.

ಎಲ್ಲಕ್ಕಿಂತ ಬಿಗಿಯಾದ ನಿಯಮ ಜೊತೆಗಾರನದ್ದು. ಕಂಪ್ಯಾನಿಯನ್ ಎನ್ನುತ್ತಾರೆ. ಒಬ್ಬರು ಇನ್ನೊಬ್ಬರ ಕಣ್ಣಳತೆ ಬಿಟ್ಟು ಹೋಗುವಂತಿಲ್ಲ. ಒಂದು ನೊಗಕ್ಕೆ ಹೂಡಿದ ಎತ್ತುಗಳ ಹಾಗೆ. ಜೊತೆಗಾರನನ್ನು ಆರಿಸುವುದು ಆ ಪ್ರದೇಶದ ಮಿಷನ್ ಅಧ್ಯಕ್ಷರು. ಆರು ವಾರಕ್ಕೊಮ್ಮೆ ಟ್ರಾನ್ಸ್‌ಫರ್ ಪಟ್ಟಿ ಬರುತ್ತದೆ. ಜೋಡಿ ಒಡೆಯಬಹುದು, ಬಡಾವಣೆ ಬದಲಾಗಬಹುದು, ಎರಡೂ ಹಾಗೇ ಉಳಿಯಲೂಬಹುದು. ಐಡಾಹೋದ ಆಲೂಗಡ್ಡೆ ಬೆಳೆಯುವ ಊರಿನ ಬಿಳಿ ಹುಡುಗನಿಗೆ ಟೋಂಗಾ ಮೂಲದವನೋ ಪೆರುವಿನವನೋ ಜೊತೆಯಾಗಬಹುದು. ಹೊರಗಿನ ಬಹುಸಂಸ್ಕೃತಿಯ ಪಾಠ ಶುರುವಾಗುವ ಮೊದಲೇ ಒಳಗಿನದು ಶುರುವಾಗಿರುತ್ತದೆ. ಅನ್ನ ಹೇಗೆ ಬೇಯಿಸಬೇಕು, ಸ್ನಾನಕ್ಕೆ ಎಷ್ಟು ಹೊತ್ತು, ಬೇಸರವಾದಾಗ ಮಾತಾಡಬೇಕೋ ಸುಮ್ಮನಿರಬೇಕೋ, ಎಲ್ಲದಕ್ಕೂ ಜಗಳ. ನನ್ನ ಕೇಳಿದರೆ ಇಡೀ ಎರಡು ವರ್ಷದಲ್ಲಿ ಕಷ್ಟದ ಕೆಲಸ ಇದೇ. ಬಾಗಿಲು ಮುಚ್ಚಿದ ಮನೆಯಿಂದ ಮುಂದಕ್ಕೆ ಹೋಗಬಹುದು, ಜೊತೆಗಾರನಿಂದ ಆರು ವಾರ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಈಗ ಊರಿನ ವಿಷಯ. 2020ರ ಜನಗಣತಿ ಪ್ರಕಾರ ಕ್ವೀನ್ಸ್‌ನ ಜನಸಂಖ್ಯೆ ಸುಮಾರು 24 ಲಕ್ಷ. ಅದರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಬೇರೆ ದೇಶದಲ್ಲಿ ಹುಟ್ಟಿದವರು. ಇಡೀ ನ್ಯೂಯಾರ್ಕ್ ನಗರದಲ್ಲಿ ಸುಮಾರು 700 ಭಾಷೆಗಳನ್ನು ಸಂಶೋಧಕರು ಗುರುತಿಸಿದ್ದಾರೆ. ಕ್ವೀನ್ಸ್‌ಗೆ ಅದರಲ್ಲಿ ದೊಡ್ಡ ಪಾಲು. 1965ರಲ್ಲಿ ಅಮೆರಿಕ ತನ್ನ ವಲಸೆ ಕಾನೂನು ಬದಲಿಸಿ ಏಷ್ಯಾದವರಿಗೂ ಬಾಗಿಲು ತೆರೆಯಿತು. ಜಾಕ್ಸನ್ ಹೈಟ್ಸ್, ಎಲ್ಮ್‌ಹರ್ಸ್ಟ್, ಫ್ಲಶಿಂಗ್ ಈಗಿನ ಬಣ್ಣ ಪಡೆದದ್ದು ಆಮೇಲೆ.

ಆದರೆ ಇಲ್ಲಿ ಧರ್ಮದ ಜಗಳದ ಕತೆ ಅದಕ್ಕಿಂತ ಬಹಳ ಹಳೆಯದು, ಮತ್ತು ಈ ಹುಡುಗರಿಗೆ ನೇರ ಸಂಬಂಧಪಟ್ಟದ್ದು. ಆಗ ಇಲ್ಲಿ ಡಚ್ಚರ ಆಡಳಿತ. ಕ್ವೇಕರ್ ಎಂಬ ಪಂಥದವರು ಊರೂರಿಗೆ ಬಂದು ಬೋಧನೆ ಮಾಡುತ್ತಿದ್ದರು. ಅವರನ್ನು ಮನೆಗೆ ಸೇರಿಸಿದವರಿಗೆ ದಂಡ ಎಂದು ಗವರ್ನರ್ ಪೀಟರ್ ಸ್ಟೈವೆಸೆಂಟ್ ಆಜ್ಞೆ ಹೊರಡಿಸಿದ. 1657ರ ಡಿಸೆಂಬರ್ 27ರಂದು ಫ್ಲಶಿಂಗ್‌ನ 30 ಜನ ಅದಕ್ಕೆ ವಿರೋಧವಾಗಿ ಅರ್ಜಿ ಬರೆದು ಸಹಿ ಹಾಕಿದರು. ಸಹಿ ಹಾಕಿದವರು ಕ್ವೇಕರ್‌ಗಳಲ್ಲ ಎನ್ನುವುದೇ ಇಲ್ಲಿನ ಸ್ವಾರಸ್ಯ. ಈ ಸ್ವಾತಂತ್ರ್ಯ ಯಹೂದಿ, ತುರ್ಕ, ಈಜಿಪ್ಟಿನವರಿಗೂ ಸೇರಿದ್ದು ಎಂದು ಆ ಅರ್ಜಿಯಲ್ಲಿ ಬರೆದಿದ್ದರು. ಕೆಲವರಿಗೆ ಜೈಲಾಯಿತು. ಐದು ವರ್ಷದ ನಂತರ ಜಾನ್ ಬೌನ್ ಎಂಬಾತ ತನ್ನ ಮನೆಯಲ್ಲಿ ಕ್ವೇಕರ್ ಸಭೆ ನಡೆಸಿ ಗಡಿಪಾರಾದ. ಹಾಲೆಂಡಿಗೆ ಹೋಗಿ, ಈ ವಸಾಹತನ್ನು ನಡೆಸುತ್ತಿದ್ದ ಡಚ್ ಕಂಪನಿಯ ಮುಂದೆ ವಾದಿಸಿ ಗೆದ್ದು ಬಂದ. ಅವನ ಮನೆ ಈಗಲೂ ಬೌನ್ ಸ್ಟ್ರೀಟ್‌ನಲ್ಲಿದೆ. ಅದೇ ಬೀದಿಯಲ್ಲಿ ಸ್ವಲ್ಪ ದೂರ ನಡೆದರೆ 1977ರಲ್ಲಿ ಪ್ರತಿಷ್ಠಾಪನೆಯಾದ ಗಣಪತಿ ದೇವಸ್ಥಾನ. ಅದರ ಕ್ಯಾಂಟೀನಿನ ದೋಸೆ ತಿನ್ನದ ಕನ್ನಡಿಗ ನ್ಯೂಯಾರ್ಕಿನಲ್ಲಿ ಸಿಗುವುದು ಕಷ್ಟ.

ಆ ಹಳೆಯ ಹೋರಾಟದ ಫಲ ಇಂದು ಕಾನೂನಿನಲ್ಲೇ ಇದೆ. 2002ರಲ್ಲಿ ಒಹಾಯೋ ರಾಜ್ಯದ ಒಂದು ಹಳ್ಳಿ, ಮನೆಮನೆಗೆ ಹೋಗಿ ಧರ್ಮ ಹೇಳಲು ಪರವಾನಗಿ ಬೇಕು ಎಂದಾಗ, ಅಮೆರಿಕದ ಸುಪ್ರೀಂ ಕೋರ್ಟ್ ಬೇಕಿಲ್ಲ ಎಂದಿತು. ಆ ಕೇಸು ನಡೆಸಿದವರು ಮಾರ್ಮನ್ನರಲ್ಲ, ಯೆಹೋವನ ಸಾಕ್ಷಿಗಳು ಎಂಬ ಇನ್ನೊಂದು ಪಂಥದವರು. ಅವರೇ ಕ್ವೀನ್ಸ್‌ನ ರೈಲು ನಿಲ್ದಾಣಗಳ ಬಾಗಿಲಲ್ಲಿ ಪುಸ್ತಕದ ಗಾಡಿ ಇಟ್ಟುಕೊಂಡು ನಿಲ್ಲುವವರು. ಜನರಿಗೆ ಇಬ್ಬರ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಹುಡುಗರ ದಿನದ ಸ್ವಲ್ಪ ಭಾಗ ‘ಅವರು ನಾವಲ್ಲ’ ಎಂದು ಹೇಳುವುದರಲ್ಲೇ ಕಳೆಯುತ್ತದೆ.

ಹುಡುಗನ ಪಾಠದ ಕ್ರಮ ಗಟ್ಟಿಯಾಗಿ ಸಿದ್ಧವಾಗಿರುತ್ತದೆ. ದೇವರು ನಮ್ಮ ತಂದೆ, ಯೇಸು ಕಟ್ಟಿದ ಚರ್ಚು ಕಾಲಕ್ರಮದಲ್ಲಿ ದಾರಿ ತಪ್ಪಿತು, ಜೋಸೆಫ್ ಸ್ಮಿತ್ ಮೂಲಕ ದೇವರು ಅದನ್ನು ಮತ್ತೆ ಸ್ಥಾಪಿಸಿದ, ನೀವೇ ಪ್ರಾರ್ಥಿಸಿ ಕೇಳಿ ನೋಡಿ, ದೀಕ್ಷಾಸ್ನಾನ ಪಡೆಯಿರಿ. ಈ ಕ್ರಮ ಕ್ರೈಸ್ತರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಕೊರೋನಾ ಬಡಾವಣೆಯ ಮೆಕ್ಸಿಕೋದವರ ಮನೆಯಲ್ಲಿ ಇದು ಅರ್ಥವಾಗುತ್ತದೆ. ಅವರು ಕ್ಯಾಥೊಲಿಕ್ಕರು, ಯೇಸು ಯಾರೆಂದು ಹೇಳಿಕೊಡಬೇಕಿಲ್ಲ. ವಾದ ಇರುವುದು ಯಾವ ಚರ್ಚು ಎಂಬುದರಲ್ಲಿ ಮಾತ್ರ.

ಹಿಂದೂ ಮನೆಯಲ್ಲಿ ಕತೆಯೇ ಬೇರೆ. ರಿಚ್ಮಂಡ್ ಹಿಲ್‌ನಲ್ಲಿ ಗಯಾನಾದಿಂದ ಬಂದವರು ತುಂಬ ಇದ್ದಾರೆ. 1838ರಿಂದ 1917ರ ತನಕ ಕಬ್ಬಿನ ತೋಟದ ಕೂಲಿಗೆಂದು ಭಾರತದಿಂದ ಒಯ್ದವರ ಮೊಮ್ಮಕ್ಕಳು, ಮರಿಮಕ್ಕಳು. ಅಂಗಳದಲ್ಲಿ ಹನುಮಂತನ ಬಾವುಟ ಹಾರುತ್ತಿರುತ್ತದೆ. ಮನೆಯ ಅಜ್ಜಿ ಹುಡುಗರನ್ನು ಒಳಗೆ ಕರೆದು ಕೂರಿಸುತ್ತಾಳೆ. ದೇವರು ಇದ್ದಾನೆ ಎಂದರೆ ಹೌದು ಎನ್ನುತ್ತಾಳೆ. ಯೇಸು ದೇವರ ಮಗ ಎಂದರೆ ಅದಕ್ಕೂ ಹೌದು. ಪ್ರಾರ್ಥನೆ ಮಾಡೋಣವೇ ಎಂದರೆ ಸಂತೋಷದಿಂದ ಕೈ ಮುಗಿಯುತ್ತಾಳೆ. ಕೊಟ್ಟ ಯೇಸುವಿನ ಚಿತ್ರವನ್ನು ಲಕ್ಷ್ಮಿಯ ಪಕ್ಕದಲ್ಲಿಟ್ಟು ಕುಂಕುಮ ಹಚ್ಚುತ್ತಾಳೆ. ಇಲ್ಲ ಎಂದವರಿಗೆ ಏನು ಹೇಳಬೇಕೆಂದು ತರಬೇತಿಯಲ್ಲಿ ಕಲಿಸಿದ್ದಾರೆ. ಎಲ್ಲದಕ್ಕೂ ಹೌದು ಎಂದು ಒಂದು ಹೆಜ್ಜೆಯೂ ಕದಲದವರಿಗೆ ಏನು ಹೇಳುವುದು? ನಮಗೆ ಇದು ದಿನದ ಮಾತು, ಅಲ್ವಾ? ಇನ್ನೊಬ್ಬ ದೇವರು ಬಂದರೆ ಹಿಂದಿನವರನ್ನು ಕಳಿಸಬೇಕು ಎಂದು ನಮ್ಮ ಅಜ್ಜಿಯರಿಗೆ ಅನಿಸುವುದೇ ಇಲ್ಲ. ಹುಡುಗನಿಗೆ ಇದು ತಲೆಗೆ ಹತ್ತಲು ತಿಂಗಳುಗಳೇ ಬೇಕು.

ಮುಸ್ಲಿಮರ ಮನೆಗಳಲ್ಲಿ ಎಚ್ಚರಿಕೆ ಜಾಸ್ತಿ. ಮತಾಂತರವಾದವರಿಗೆ ತಾಯ್ನಾಡಿನಲ್ಲಿ ಜೀವಕ್ಕೇ ಅಪಾಯ ಬರಬಹುದು. ಹಾಗಾಗಿ ಹುಡುಗರು ತಾವಾಗಿಯೇ ಮುಂದುವರಿಯದೆ ಮೇಲಿನವರನ್ನು ಕೇಳಬೇಕು. ಚೀನಾದಿಂದ ಬಂದು ಫ್ಲಶಿಂಗ್‌ನಲ್ಲಿ ದೀಕ್ಷೆ ಪಡೆದವರಿಗೆ, ಊರಿಗೆ ಹೋದಾಗ ಅಲ್ಲಿನ ಕಾನೂನು ಪಾಲಿಸಿ, ಪ್ರಚಾರಕ್ಕೆ ಇಳಿಯಬೇಡಿ ಎಂದು ಚರ್ಚೇ ಹೇಳುತ್ತದೆ. ಒಂದೇ ಸಂಸ್ಥೆ, ಆದರೆ ಬೀದಿ ದಾಟಿದರೆ ನಿಯಮ ಬೇರೆ.

ಇನ್ನು ಊಟ ತಿಂಡಿ. 1833ರಲ್ಲಿ ಜೋಸೆಫ್ ಸ್ಮಿತ್ ಹೇಳಿದ ಆರೋಗ್ಯದ ಕಟ್ಟಳೆಯ ಪ್ರಕಾರ ಇವರು ಮದ್ಯ, ತಂಬಾಕು ಮುಟ್ಟುವುದಿಲ್ಲ. ಚಹಾ, ಕಾಫಿಯೂ ಇಲ್ಲ. ಇದೇನು ದೊಡ್ಡ ವಿಷಯ ಎನ್ನಬಹುದು. ಕ್ವೀನ್ಸ್‌ನಲ್ಲಿ ದೊಡ್ಡ ವಿಷಯವೇ. ಬಾಂಗ್ಲಾದೇಶದವರ ಮನೆ, ಪಂಜಾಬಿಗಳ ಮನೆ, ಟಿಬೆಟಿನವರ ಮನೆ, ಎಲ್ಲಿ ಹೋದರೂ ಮೊದಲು ಮುಂದೆ ಬರುವುದು ಚಹಾ. ಬೇಡ ಎಂದರೆ ಮನೆಯವರನ್ನೇ ಬೇಡ ಎಂದ ಹಾಗೆ. ಕೊಲಂಬಿಯಾದವರ ಮನೆಯಲ್ಲಿ ಕಾಫಿ ಬೇಡ ಎನ್ನುವುದಂತೂ ಇನ್ನೂ ಕಷ್ಟ.

ನಮ್ಮ ಮನೆಗೂ ಒಮ್ಮೆ ಮಳೆ ಬರುವಾಗ ಇಬ್ಬರು ಬಂದಿದ್ದರು. ಧರ್ಮದ ವಿಷಯ ಬೇಡಪ್ಪ, ಬೇಕಾದರೆ ಕೂತು ಹೋಗಿ ಎಂದೆ. ಒಳಗೆ ಡಿಕಾಕ್ಷನ್ ಇಳಿದಿತ್ತು. ಕಾಫಿ ಕುಡಿಯಲ್ಲ ಎಂದರು. ಟೀ ಮಾಡಲೇ ಎಂದರೆ ಅದೂ ಕುಡಿಯಲ್ಲ. ನಮ್ಮ ಅತ್ತೆ ಊರಿನಿಂದ ಬಂದವರು, ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಬಾಯಿ ಒಣಗಿಸಿಕೊಂಡು ಹೋಗಲು ಬಿಡುವ ಪೈಕಿ ಅಲ್ಲ. ಕೊತ್ತಂಬರಿ, ಜೀರಿಗೆ, ಮೆಣಸು ಹುರಿದು ಕುಟ್ಟಿ ಕಷಾಯ ಕಾಯಿಸಿ, ಹಾಲು ಬೆಲ್ಲ ಹಾಕಿ ತಂದಿಟ್ಟರು. ಒಬ್ಬ ಹುಡುಗ ಇದರಲ್ಲಿ ಟೀ ಎಲೆ ಇದೆಯಾ ಎಂದು ಮೆಲ್ಲಗೆ ಕೇಳಿದ. ಇಲ್ಲ ಎಂದ ಮೇಲೆ ಇಬ್ಬರೂ ಎರಡೆರಡು ಲೋಟ ಕುಡಿದರು. ಗಿಡಮೂಲಿಕೆಯ ಕಷಾಯಕ್ಕೆ ಅವರಲ್ಲಿ ಅಡ್ಡಿಯಿಲ್ಲ. ಅರ್ಧ ಗಂಟೆ ಕೂತರು. ಅತ್ತೆ ಕನ್ನಡದಲ್ಲಿ, ಅವರು ಇಂಗ್ಲಿಷಿನಲ್ಲಿ, ಮನೆಯಲ್ಲಿ ಎಷ್ಟು ಜನ, ಅಮ್ಮನಿಗೆ ಹುಷಾರಾ, ಇದೇ ಮಾತು. ದೇವರ ಸುದ್ದಿ ಯಾರೂ ಎತ್ತಲಿಲ್ಲ.

ಇಂಥ ಸತ್ಕಾರ ಸಿಗುವ ಮನೆಗಳಲ್ಲಿ ಯಾರೂ ಮತ ಬದಲಿಸುವುದಿಲ್ಲ ಎನ್ನುವುದು ಹುಡುಗರಿಗೆ ಬೇಗ ಗೊತ್ತಾಗುತ್ತದೆ. ಹಾಗಾದರೆ ಬದಲಿಸುವವರು ಯಾರು? ಸಮಾಜಶಾಸ್ತ್ರಜ್ಞರಾದ ರಾಡ್ನಿ ಸ್ಟಾರ್ಕ್ ಮತ್ತು ವಿಲಿಯಂ ಬೇನ್‌ಬ್ರಿಜ್ 1980ರಲ್ಲಿ ಒಂದು ಮಾರ್ಮನ್ ಮಿಷನ್ನಿನ ಲೆಕ್ಕ ಪರಿಶೀಲಿಸಿ ಬರೆದದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಗುರುತಿಲ್ಲದ ಮನೆಯ ಬಾಗಿಲು ತಟ್ಟಿದಾಗ ಯಶಸ್ಸು ಸಾವಿರಕ್ಕೆ ಒಂದು. ಅದೇ, ಮಾರ್ಮನ್ ಗೆಳೆಯನ ಅಥವಾ ನೆಂಟನ ಮನೆಯಲ್ಲಿ ಕೂತು ಮಾತಾಡಿದರೆ ನೂರಕ್ಕೆ ಐವತ್ತು. ಅಂದರೆ ಜನ ಮೊದಲು ಸೇರುವುದು ಮನುಷ್ಯರ ಜೊತೆ. ಸಿದ್ಧಾಂತ ಆಮೇಲೆ.

ವಲಸಿಗರ ಬಡಾವಣೆಯಲ್ಲಿ ಈ ಲೆಕ್ಕಕ್ಕೆ ಬಲ ಹೆಚ್ಚು. ಈಕ್ವೆಡಾರ್‌ನ ಕೀಟೋದಿಂದ ಬಂದು ಎರಡು ತಿಂಗಳಾದ ಹೆಂಗಸಿಗೆ ಈ ಊರಿನಲ್ಲಿ ಗುರುತಿನವರಿಲ್ಲ. ಭಾಷೆ ಬರುವುದಿಲ್ಲ. ಶಾಲೆಯಿಂದ ಬಂದ ಪತ್ರ ಓದಲು ಆಗುವುದಿಲ್ಲ. ಆಗ ಅವಳ ಭಾಷೆಯಲ್ಲಿ ತಡವರಿಸುತ್ತಾ ಮಾತಾಡುವ ಇಬ್ಬರು ಹುಡುಗಿಯರು ಬಂದು, ವಾರಕ್ಕೊಂದು ಸಂಜೆ ಚರ್ಚಿನಲ್ಲಿ ಇಂಗ್ಲಿಷ್ ಕ್ಲಾಸಿದೆ, ದುಡ್ಡಿಲ್ಲ, ಮಕ್ಕಳನ್ನೂ ಕರೆತನ್ನಿ ಎನ್ನುತ್ತಾರೆ. ಮನೆ ಬದಲಿಸುವಾಗ ಮಂಚ ಹೊರಲು ಬರುತ್ತಾರೆ. ಭಾನುವಾರ ಹೋದರೆ ಇಡೀ ಸಭೆ ಸ್ಪ್ಯಾನಿಷ್‌ನಲ್ಲಿ ನಡೆಯುತ್ತಿರುತ್ತದೆ. ಒಂದೇ ಚರ್ಚ್ ಕಟ್ಟಡದಲ್ಲಿ ಬೆಳಿಗ್ಗೆ ಒಂದು ಭಾಷೆಯ ಸಭೆ, ಮಧ್ಯಾಹ್ನ ಇನ್ನೊಂದರದು, ಇದು ನ್ಯೂಯಾರ್ಕಿನಲ್ಲಿ ಸಾಮಾನ್ಯ. ಆ ಹೆಂಗಸಿಗೆ ಒಂದು ಊರು ಸಿಕ್ಕಿತು. ಅದರ ಜೊತೆ ಧರ್ಮವೂ ಬಂತು.

ಇದನ್ನು ಒಳ್ಳೆಯದು ಅನ್ನಬೇಕೋ ಕೆಟ್ಟದ್ದು ಅನ್ನಬೇಕೋ? ನನಗೆ ಎರಡೂ ಅನಿಸುತ್ತದೆ. ಸಹಾಯ ಸುಳ್ಳಲ್ಲ. ಮಂಚ ಹೊತ್ತದ್ದೂ ನಿಜ, ಇಂಗ್ಲಿಷ್ ಕಲಿಸಿದ್ದೂ ನಿಜ. ಆದರೆ ಆರು ವಾರಕ್ಕೆ ಟ್ರಾನ್ಸ್‌ಫರ್ ಆಗಿ ಹೋಗುವವರ ಸ್ನೇಹ ಅದು. ಹುಡುಗಿಯರು ಹೋದ ಮೇಲೆ ಆ ಹೆಂಗಸನ್ನು ಅಲ್ಲಿನ ಸದಸ್ಯರು ನೋಡಿಕೊಂಡರೆ ಉಳಿಯುತ್ತಾಳೆ, ಇಲ್ಲದಿದ್ದರೆ ನಿಧಾನಕ್ಕೆ ಬರುವುದನ್ನು ಬಿಡುತ್ತಾಳೆ. ಚರ್ಚಿನ ಪುಸ್ತಕದಲ್ಲಿ ಹೆಸರು ಮಾತ್ರ ಇರುತ್ತದೆ. ಚಿಲಿ ದೇಶದ 2002ರ ಜನಗಣತಿಯಲ್ಲಿ ತಾವು ಮಾರ್ಮನ್ ಎಂದು ಬರೆಸಿದವರು ಚರ್ಚು ಹೇಳುವ ಸದಸ್ಯರ ಸಂಖ್ಯೆಯ ಸುಮಾರು ಐದರಲ್ಲಿ ಒಂದು ಪಾಲು ಇದ್ದರು. ಲೆಕ್ಕದ ಹಿಂದೆ ಬಿದ್ದರೆ ಏನಾಗುತ್ತದೆ ಎಂಬುದಕ್ಕೆ ಇನ್ನೂ ಹಳೆಯ ಉದಾಹರಣೆ ಇಂಗ್ಲೆಂಡಿನದು. 1960ರ ಸುಮಾರಿಗೆ ಅಲ್ಲಿನ ಮಿಷನರಿಗಳು ಹುಡುಗರಿಗೆ ಬೇಸ್‌ಬಾಲ್ ಆಡಿಸಿ, ತಂಡಕ್ಕೆ ಸೇರುವ ನೆಪದಲ್ಲಿ ದೀಕ್ಷಾಸ್ನಾನ ಮಾಡಿಸಿಬಿಟ್ಟಿದ್ದರು. ಆಮೇಲೆ ಚರ್ಚೇ ನಾಚಿಕೊಂಡು ಅದನ್ನು ನಿಲ್ಲಿಸಿತು.

ಇನ್ನೊಂದು ಪ್ರಶ್ನೆ ಕರಿಯರ ಮನೆಗಳಲ್ಲಿ ಎದುರಾಗುತ್ತದೆ. ಸುಮಾರು ನೂರಿಪ್ಪತ್ತೈದು ವರ್ಷ ಈ ಚರ್ಚು, ತನ್ನ ಸಾಮಾನ್ಯ ಗಂಡಸರಿಗೂ ಸಿಗುವ ಪೌರೋಹಿತ್ಯವನ್ನು ಕಪ್ಪು ವರ್ಣದವರಿಗೆ ಕೊಡುತ್ತಿರಲಿಲ್ಲ. ದೇವಾಲಯ, ಅಂದರೆ ಭಾನುವಾರದ ಚರ್ಚಿಗಿಂತ ಬೇರೆಯಾಗಿ ವಿಶೇಷ ವಿಧಿಗಳಿಗೆಂದೇ ಕಟ್ಟುವ ಟೆಂಪಲ್, ಅದರ ಮುಖ್ಯ ವಿಧಿಗಳಲ್ಲೂ ಕರಿಯರಿಗೆ ಪಾಲಿರಲಿಲ್ಲ. 1978ರ ಜೂನ್‌ನಲ್ಲಷ್ಟೇ ಅದನ್ನು ತೆಗೆದದ್ದು. ಯೂಟಾದಲ್ಲಿ ಬೆಳೆದ ಹುಡುಗನಿಗೆ ಇದು ಅಜ್ಜನ ಕಾಲದ ಸಂಗತಿ. ಜಮೈಕಾ ಬಡಾವಣೆಯ ಅರವತ್ತು ದಾಟಿದವರಿಗೆ ತಮ್ಮ ಕಾಲದ್ದೇ. ಬಾಗಿಲಲ್ಲಿ ನಿಂತು ಅವರು ನೇರವಾಗಿ ಕೇಳಿದರೆ, ಈ ಹುಡುಗನ ಹತ್ತಿರ ಸಮಾಧಾನದ ಉತ್ತರ ಇರುವುದಿಲ್ಲ. ಜೊತೆಗಾರನೇ ಘಾನಾದವನಾಗಿದ್ದರಂತೂ ಆ ಪ್ರಶ್ನೆ ಬಾಗಿಲು ಮುಚ್ಚಿದ ಮೇಲೂ ಮುಗಿಯುವುದಿಲ್ಲ. ಇಬ್ಬರೂ ಒಂದೇ ಕೋಣೆಗೆ ವಾಪಸ್ ಹೋಗಬೇಕಲ್ಲ.

ದಿನಕ್ಕೆ ನೂರು ಸಲ ಬೇಡ ಎನಿಸಿಕೊಳ್ಳುವುದು ಹತ್ತೊಂಬತ್ತರ ಮನಸ್ಸಿಗೆ ಸಣ್ಣ ಪೆಟ್ಟಲ್ಲ. ಆತಂಕ, ಖಿನ್ನತೆಯಿಂದ ಅರ್ಧದಲ್ಲೇ ಊರಿಗೆ ಹೋಗುವವರಿದ್ದಾರೆ. ಅವರ ಪಾಡು ಕಷ್ಟ. ಊರಿನಲ್ಲಿ ಎರಡು ವರ್ಷ ಮುಗಿಸಿ ಬಂದವನಿಗೆ ಸಿಗುವ ಗೌರವ ಇವರಿಗೆ ಸಿಗುವುದಿಲ್ಲ. ಯಾಕೆ ಬಂದೆ ಎಂದು ಕೇಳದೆ ಬಿಡುವವರು ಕಡಿಮೆ. ಚರ್ಚು ಈಗ ಸಲಹೆಗಾರರನ್ನು ಇಟ್ಟಿದೆ, ಮನೆಯಲ್ಲೇ ಇದ್ದು ಸೇವೆ ಮಾಡುವ ದಾರಿಯನ್ನೂ ತೆರೆದಿದೆ.

ಮುಗಿಸಿದವರಿಗೆ ಲಾಭವೂ ಕಣ್ಣಿಗೆ ಕಾಣುವಂಥದ್ದೇ. ಯೂಟಾದಂಥ ಒಳನಾಡಿನ ರಾಜ್ಯದಲ್ಲಿ ಇಷ್ಟೊಂದು ಜನಕ್ಕೆ ವಿದೇಶಿ ಭಾಷೆಗಳು ಬರುವುದು ಇದರಿಂದಲೇ. ಕಂಪನಿಗಳೂ ಸರ್ಕಾರದ ಇಲಾಖೆಗಳೂ ಇವರನ್ನು ಹುಡುಕಿಕೊಂಡು ಬರುತ್ತವೆ. 2012ರಲ್ಲಿ ಒಬಾಮಾ ವಿರುದ್ಧ ನಿಂತಿದ್ದ ಮಿಟ್ ರಾಮ್ನಿ ಕೂಡ 1960ರ ದಶಕದಲ್ಲಿ ಫ್ರಾನ್ಸಿನಲ್ಲಿ ಹೀಗೇ ಬಾಗಿಲು ತಟ್ಟಿದವರು. ವೈನ್ ಕುಡಿಯುವ ದೇಶದಲ್ಲಿ ವೈನ್ ಬಿಡಿ ಎಂದು ಹೇಳುವ ಕೆಲಸ. ಬೇಡ ಎನಿಸಿಕೊಳ್ಳುವ ಅಭ್ಯಾಸ ರಾಜಕೀಯಕ್ಕೆ ಎಷ್ಟು ಉಪಯೋಗವಾಯಿತೋ ಅವರೇ ಹೇಳಬೇಕು.

ಇದೇ ಕಪ್ಪು ಬಿಲ್ಲೆ ಬೆಂಗಳೂರಿನಲ್ಲೂ ಕಾಣಸಿಗುತ್ತದೆ ಎಂದರೆ ಕೆಲವರಿಗೆ ಆಶ್ಚರ್ಯವಾಗಬಹುದು. ಮಾರ್ಮನ್ನರು ಭಾರತಕ್ಕೆ ಮೊದಲು ಬಂದದ್ದು 1850ರ ದಶಕದ ಆರಂಭದಲ್ಲಿ, ಕಲ್ಕತ್ತಾಕ್ಕೆ. ಕೆಲವೇ ವರ್ಷಗಳಲ್ಲಿ ಸೋತು ಹಿಂದಿರುಗಿದರು. ಬೆಂಗಳೂರು ಕೇಂದ್ರವಾದ ಮಿಷನ್ ಶುರುವಾದದ್ದು 1993ರಲ್ಲಿ. ಇಲ್ಲಿ ದೇವಾಲಯ ಕಟ್ಟುವುದಾಗಿ 2018ರಲ್ಲಿ ಘೋಷಿಸಿ, 2020ರ ಡಿಸೆಂಬರ್‌ನಲ್ಲಿ ಭೂಮಿಪೂಜೆ ಮಾಡಿದರು. ಇಲ್ಲಿ ಓಡಾಡುವವರಲ್ಲಿ ಹೆಚ್ಚಿನವರು ಭಾರತದ ಹುಡುಗ ಹುಡುಗಿಯರೇ. ಅಮೆರಿಕದವರಿಗೆ ವೀಸಾ ಸಿಗುವುದು ಸುಲಭವಲ್ಲ.

ಕೆಲಸದ ರೀತಿಯೂ ಬೇರೆ, ಯಾಕೆಂದರೆ ಕಾನೂನು ಬೇರೆ. ನಮ್ಮ ಸಂವಿಧಾನದ 25ನೇ ವಿಧಿ ಧರ್ಮಪ್ರಚಾರದ ಹಕ್ಕು ಕೊಡುತ್ತದೆ. ಆದರೆ ಪ್ರಚಾರ ಮಾಡುವ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲ ಎಂದು ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿದೆ. ಕರ್ನಾಟಕದಲ್ಲಿ 2022ರಲ್ಲಿ ಮತಾಂತರ ನಿಷೇಧ ಕಾಯ್ದೆ ಬಂತು. ಅದನ್ನು ಹಿಂದಕ್ಕೆ ಪಡೆಯಲು 2023ರಲ್ಲಿ ಹೊಸ ಸರ್ಕಾರದ ಸಂಪುಟ ತೀರ್ಮಾನ ಮಾಡಿತು. ಹೀಗಾಗಿ ಇಲ್ಲಿನ ಮಿಷನರಿ ಹೆಚ್ಚಾಗಿ ಸದಸ್ಯರ ಪರಿಚಯದವರನ್ನೇ ನಂಬಿಕೊಂಡಿರುತ್ತಾನೆ. ಸ್ಟಾರ್ಕ್ ಅವರ ಲೆಕ್ಕ ನೆನೆದರೆ ಅದರಿಂದ ಅವನಿಗೇನೂ ನಷ್ಟವಿಲ್ಲ ಅನ್ನಿ.

ಕೊನೆಗೆ, ಅಮೆರಿಕದಲ್ಲಿರುವ ನಮ್ಮವರಿಗೆ ಉಪಯೋಗಕ್ಕೆ ಬರುವ ಒಂದೆರಡು ಮಾತು. ಬಾಗಿಲು ತಟ್ಟಿದರೆ ಬೆಲ್ ಕೇಳಿಸದವರ ಹಾಗೆ ದೀಪ ಆರಿಸಿ ಕೂರಬೇಕಿಲ್ಲ. ಆಸಕ್ತಿ ಇಲ್ಲ, ಇನ್ನು ಬರಬೇಡಿ ಎಂದು ನೇರವಾಗಿ ಹೇಳಿ. ಗುರುತು ಹಾಕಿಕೊಂಡು ಹೋಗುತ್ತಾರೆ. ನಮ್ಮವರು ಸಂಕೋಚಕ್ಕೆ ‘ಮುಂದಿನ ವಾರ ನೋಡೋಣ’ ಎನ್ನುತ್ತಾರೆ, ಹುಡುಗರು ಮುಂದಿನ ವಾರ ಹೇಳಿದ ಹೊತ್ತಿಗೆ ಸರಿಯಾಗಿ ಬಂದು ನಿಲ್ಲುತ್ತಾರೆ. ಹೆಂಗಸರು ಒಬ್ಬರೇ ಮನೆಯಲ್ಲಿದ್ದರೆ ಗಂಡು ಹುಡುಗರು ಒಳಗೆ ಬರುವಂತಿಲ್ಲ, ಅದು ಅವರದೇ ನಿಯಮ. ಹೊಸ್ತಿಲಲ್ಲೇ ನಿಂತು ಮಾತಾಡಿದರೆ ಬೇಜಾರು ಮಾಡಿಕೊಳ್ಳಬೇಡಿ. ಸಾಮಾನು ಸಾಗಿಸುವುದಿದ್ದರೆ ಕೇಳಿ, ಬರುತ್ತಾರೆ. ಜುಲೈ ಬಿಸಿಲಿನಲ್ಲಿ ಬಂದರೆ ತಣ್ಣೀರು ಕೊಡಿ, ಮಜ್ಜಿಗೆ ಕೊಡಿ. ಐಸ್ ಟೀ ಮಾತ್ರ ಬೇಡ.